ಚೀಲದ ದಿನಗಳಿಗೆ ನಾನು ಕೊಟ್ಟ ಅಂಕ

ಕಳೆದ ತಿಂಗಳು ಒಂದು ರಾತ್ರಿ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿದ. ಅವನಿಗೆ ಗುದನಾಳದ ಕ್ಯಾನ್ಸರ್ ಇದೆಯೆಂದು ತಿಳಿದು ಆಗ ಐದು ವಾರಗಳಾಗಿದ್ದವು. ಗಡ್ಡೆ ತೀರ ಕೆಳಗಿರುವುದರಿಂದ ಅದರ ಜೊತೆಗೆ ಮಲವನ್ನು ಹಿಡಿದಿಡುವ ಸ್ನಾಯುವನ್ನೂ ತೆಗೆಯಬೇಕಾಗುತ್ತದೆ, ಆಮೇಲೆ ದೊಡ್ಡಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿಯುತ್ತೇವೆ, ಮಲ ಅಲ್ಲಿಂದ ಚೀಲಕ್ಕೆ ಬರುತ್ತದೆ, ಇದು ಶಾಶ್ವತ ಎಂದು ಶಸ್ತ್ರವೈದ್ಯರು ಅವನಿಗೆ ಹೇಳಿದ್ದರು. ಮನೆಯವರೆಲ್ಲ ಮಲಗಿದ ಮೇಲೆ ಹೊರಗೆ ಬಂದು ಮಾತಾಡುತ್ತಿದ್ದನೆಂದು ಕಾಣುತ್ತದೆ, ದನಿ ತಗ್ಗಿತ್ತು. "ಅಕ್ಕಾ, ನೀನು ಒಂಬತ್ತು ತಿಂಗಳು ಆ ಚೀಲ ಇಟ್ಕೊಂಡಿದ್ದೆಯಲ್ಲ, ನಿಜ ಹೇಳು, ಹೇಗಿತ್ತು?" ಎಂದು ಕೇಳಿದ.

ಅವನಿಗೆ ಸುಳ್ಳು ಸಮಾಧಾನ ಹೇಳಬಾರದೆಂದು ನಾನು ಮೊದಲೇ ನಿರ್ಧರಿಸಿದ್ದೆ. ನನ್ನ ಕಾಯಿಲೆಯ ಕಾಲದಲ್ಲಿ ಅಂಥ ಸಮಾಧಾನಗಳನ್ನು ಸಾಕಷ್ಟು ಕೇಳಿದ್ದೆ, ಅವು ನನ್ನನ್ನು ಎಷ್ಟು ಒಂಟಿಯಾಗಿಸುತ್ತಿದ್ದವೆಂಬುದು ನೆನಪಿತ್ತು. ಹಾಗಾಗಿ ನನಗೆ ನಿಜವೆಂದು ತೋರಿದ್ದನ್ನೇ ಹೇಳಿದೆ. "ಕಷ್ಟವೇ ಕಣೋ. ಸ್ವಲ್ಪ ದಿನದ್ದು ಅನ್ನೋ ಒಂದೇ ಕಾರಣಕ್ಕೆ ತಡ್ಕೊಂಡೆ. ಯಾವಾಗಲೂ ಇರುತ್ತೆ ಅಂದಿದ್ದರೆ ನನ್ನ ಕೈಲಿ ಆಗ್ತಿರಲಿಲ್ಲ." ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರಿ ಅಕ್ಕಾ, ಮಲಕ್ಕೋ, ಹೊತ್ತಾಯ್ತು" ಎಂದು ಫೋನ್ ಇಟ್ಟ. ಅವನದು ಯಾವಾಗಲೂ ಇರುವ ಚೀಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಬಾಯಿಗೆ ಬಂದದ್ದು, ಅದು ನನ್ನೊಳಗೆ ಅಷ್ಟು ಗಟ್ಟಿಯಾಗಿ ಕೂತಿದ್ದ ನಂಬಿಕೆಯಾದ್ದರಿಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕಪಾಟಿನಿಂದ ಆ ಒಂಬತ್ತು ತಿಂಗಳ ನೋಟ್‌ಬುಕ್ ತೆಗೆದೆ. ಅದು ದಿನಚರಿಯೆಂದು ಶುರುವಾದದ್ದಲ್ಲ. ನನ್ನದು ಸಣ್ಣಕರುಳಿನಿಂದ ಮಾಡಿದ ದಾರಿಯಾದ್ದರಿಂದ ಹೊರಬರುವುದು ನೀರಾಗಿರುತ್ತಿತ್ತು. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚಾದರೆ ದೇಹದ ನೀರು, ಉಪ್ಪು ಎರಡೂ ಸೋರಿಹೋಗುವ ಅಪಾಯವಿದೆ, ಆದ್ದರಿಂದ ಅಳೆದು ಬರೆದಿಡಿ ಎಂದು ನರ್ಸ್ ಹೇಳಿದ್ದರು. ಮಿಲಿಲೀಟರುಗಳ ಪಕ್ಕದಲ್ಲಿ ಕ್ರಮೇಣ ಒಂದೊಂದು ಸಾಲು ಸೇರಿಕೊಂಡಿತ್ತು. ಆ ಸಾಲುಗಳನ್ನು ಓದುತ್ತ ಹೋದಂತೆ, ಫೋನಿನಲ್ಲಿ ನಾನು ಹೇಳಿದ್ದು ಇವನ್ನು ಬರೆದವಳ ಮಾತಲ್ಲ ಎಂಬ ಅನುಮಾನ ಬಲವಾಯಿತು. ನಾಲ್ಕನೆಯ ತಿಂಗಳ ಒಂದು ಪುಟದಲ್ಲಿ ಚೌಕ ಹಾಕಿ 75 ಎಂದು ಬರೆದಿತ್ತು. ಅದೇನೆಂದು ನೆನಪಿಸಿಕೊಳ್ಳಲು ನನಗೆ ಕೆಲವು ನಿಮಿಷಗಳೇ ಬೇಕಾದವು.

ಚುಕ್ಕೆ ಇಟ್ಟ ಬೆಳಿಗ್ಗೆ

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಬೆಳಿಗ್ಗೆ ಸ್ಟೋಮಾ ನರ್ಸ್ ಬಂದಿದ್ದರು. ಕರುಳನ್ನು ಹೊರಗೆ ತಂದು ಮಾಡುವ ಆ ದಾರಿಗೆ ಸ್ಟೋಮಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಬಾಯಿ ಎಂದರ್ಥ. ಅವರು ನನ್ನನ್ನು ನಿಲ್ಲಿಸಿ, ಕೂರಿಸಿ, ಮುಂದಕ್ಕೆ ಬಗ್ಗಿಸಿ, ಹೊಟ್ಟೆಯಲ್ಲಿ ಮಡಿಕೆ ಎಲ್ಲಿ ಬೀಳುತ್ತದೆ, ಬಟ್ಟೆಯ ಪಟ್ಟಿ ಎಲ್ಲಿ ಬರುತ್ತದೆ, ತಲೆ ತಗ್ಗಿಸಿದರೆ ನನ್ನ ಕಣ್ಣಿಗೆ ಯಾವ ಜಾಗ ಕಾಣುತ್ತದೆ ಎಂದೆಲ್ಲ ನೋಡಿದರು. ಹೊಕ್ಕುಳಿನ ಬಲಕ್ಕೆ, ಸ್ವಲ್ಪ ಕೆಳಗೆ, ಅಳಿಸಿಹೋಗದ ಪೆನ್ನಿನಿಂದ ಒಂದು ಚುಕ್ಕೆ ಇಟ್ಟರು. ಕ್ಯಾನ್ಸರ್ ಎಂಬ ಮಾತು ಕೇಳಿದಾಗ ಅಳದಿದ್ದ ನಾನು ಆ ಚುಕ್ಕೆಯನ್ನು ನೋಡಿ ಅತ್ತೆ. ನರ್ಸ್ ಹೋದ ಮೇಲೆ ನನ್ನ ಗಂಡನಿಗೆ "ಹೀಗೆ ಬದುಕೋದಕ್ಕಿಂತ" ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದೆ. ಆ ವಾಕ್ಯವನ್ನು ಮುಗಿಸಬೇಡವೆಂದು ಅವರು ಹೇಳಲಿಲ್ಲ. ಮುಗಿಸಲಿ ಎಂದು ಕಾದರು. ನನಗೆ ಮುಗಿಸಲಾಗಲಿಲ್ಲ.

ಆ ಬೆಳಿಗ್ಗೆ ನನ್ನ ಕಲ್ಪನೆಯಲ್ಲಿ ಏನಿತ್ತೆಂದು ಈಗ ಯೋಚಿಸಿದರೆ, ಅಲ್ಲಿ ಚೀಲವೊಂದೇ ಇತ್ತು. ಬೆಳಗಾಗುತ್ತಲೇ ಚೀಲ, ಮಧ್ಯಾಹ್ನವೂ ಚೀಲ, ರಾತ್ರಿ ಮಲಗಿದಾಗಲೂ ಚೀಲ. ಮಕ್ಕಳು ಹತ್ತಿರ ಬಂದರೆ ಮೊದಲು ಅವರಿಗೆ ತಾಗುವುದೂ ಅದೇ. ಆ ಚಿತ್ರದಲ್ಲಿ ಪುಸ್ತಕವಿರಲಿಲ್ಲ, ಕಿಟಕಿಯಿಂದ ಬರುವ ಬಿಸಿಲಿರಲಿಲ್ಲ, ಯಾರೊಂದಿಗೂ ಜಗಳವಿರಲಿಲ್ಲ, ಕೆಲಸದ ಚಿಂತೆಯಿರಲಿಲ್ಲ. ನನ್ನ ಮುಂದಿನ ಬದುಕಿನಿಂದ ಉಳಿದೆಲ್ಲವನ್ನೂ ನಾನೇ ಖಾಲಿಮಾಡಿ, ಆ ಖಾಲಿ ಕೋಣೆಯ ಮಧ್ಯೆ ಚೀಲವನ್ನಿಟ್ಟು ನೋಡಿ ಹೆದರಿದ್ದೆ.

ಮೊದಲ ಮೂರು ವಾರ ನಿಜಕ್ಕೂ ಕೆಟ್ಟವಾಗಿದ್ದವು, ಅದನ್ನು ನೋಟ್‌ಬುಕ್ ಮುಚ್ಚಿಡುವುದಿಲ್ಲ. ಚೀಲವನ್ನು ಹೊಟ್ಟೆಗೆ ಅಂಟಿಸುವ ಬಿಲ್ಲೆಯಲ್ಲಿ ರಂಧ್ರವನ್ನು ಸರಿಯಾದ ಅಳತೆಗೆ ಕತ್ತರಿಸಲು ಬರುತ್ತಿರಲಿಲ್ಲ. ದೊಡ್ಡದಾದರೆ ಸುತ್ತಲಿನ ಚರ್ಮದ ಮೇಲೆ ಜೀರ್ಣರಸ ಹರಿದು ಸುಟ್ಟಂತಾಗುತ್ತಿತ್ತು. ಎರಡು ಸಲ ನಡುರಾತ್ರಿ ಸೋರಿ ಹಾಸಿಗೆಯೆಲ್ಲ ಹಾಳಾಯಿತು. "ಇವತ್ತು ಕನ್ನಡಿ ನೋಡಲಿಲ್ಲ" ಎಂಬ ಸಾಲು ಸತತ ಆರು ದಿನ ಇದೆ. ಐದನೆಯ ವಾರದಿಂದ ಸಾಲುಗಳ ಬಣ್ಣ ಬದಲಾಗುತ್ತದೆ. "ಕಣ್ಣು ಮುಚ್ಚಿ ಬದಲಿಸುವಷ್ಟು ಕೈ ಪಳಗಿದೆ." "ಮುಟ್ಟಿದರೆ ನೋವಿಲ್ಲ ಎಂದು ಮಗಳಿಗೆ ತೋರಿಸಿದೆ. ಕೆನ್ನೆಯ ಒಳಭಾಗದ ಹಾಗಿದೆ ಎಂದಳು." ಕರುಳಿನ ಒಳಪದರದಲ್ಲಿ ಮುಟ್ಟಿದ ನೋವು ತಿಳಿಯುವ ನರಗಳಿಲ್ಲ, ಬಣ್ಣವೂ ಅವಳು ಹೇಳಿದಂತೆಯೇ. ಇನ್ನೊಂದು ದಿನದ ಸಾಲು ಹೀಗಿದೆ: "850 ಮಿ.ಲೀ. ಮಧ್ಯಾಹ್ನವೆಲ್ಲ ಓದಿದೆ. ಚೀಲ ತುಂಬಿದ್ದು ಗೊತ್ತಾದಾಗಲೇ ಅದು ಇದೆ ಎಂದು ನೆನಪಾದದ್ದು."

ನಾಲ್ಕನೆಯ ತಿಂಗಳಲ್ಲಿ ಒಂದು ಸಂಶೋಧನೆಗಾಗಿ ಪ್ರಶ್ನಾವಳಿ ತುಂಬಿಸಿಕೊಂಡರು. ಐದೇ ಪ್ರಶ್ನೆಗಳು: ನಡೆದಾಡುವುದು, ಸ್ವಂತ ಕೆಲಸ ಮಾಡಿಕೊಳ್ಳುವುದು, ದಿನದ ಎಂದಿನ ಚಟುವಟಿಕೆ, ನೋವು, ಆತಂಕ. ಕೊನೆಯಲ್ಲಿ ಥರ್ಮಾಮೀಟರಿನಂತೆ ನೆಟ್ಟಗೆ ನಿಂತ ಅಳತೆಪಟ್ಟಿ. ಕೆಳಗೆ 0, ನೀವು ಕಲ್ಪಿಸಿಕೊಳ್ಳಬಹುದಾದ ಅತ್ಯಂತ ಕೆಟ್ಟ ಆರೋಗ್ಯ, ಮೇಲೆ 100, ಅತ್ಯುತ್ತಮ ಆರೋಗ್ಯ. ಇವತ್ತು ನೀವು ಎಲ್ಲಿದ್ದೀರಿ, ಗುರುತು ಹಾಕಿ. ನಾನು 75ಕ್ಕೆ ಹಾಕಿದೆ. ಚೀಲ ತೆಗೆದು ಕರುಳನ್ನು ಮತ್ತೆ ಜೋಡಿಸಿದ ಮೂರು ತಿಂಗಳ ನಂತರ ಅದೇ ಹಾಳೆ ಮತ್ತೆ ಬಂತು. ಗುದನಾಳದ ಬಹುಭಾಗವನ್ನು ತೆಗೆದ ಮೇಲೆ ಮಲವನ್ನು ಕೂಡಿಡುವ ಜಾಗ ಕಡಿಮೆಯಾಗುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಲ ಓಡಬೇಕಾಗುತ್ತಿತ್ತು, ಓಡುವಷ್ಟು ವ್ಯವಧಾನವೂ ಕೆಲವೊಮ್ಮೆ ಸಿಗುತ್ತಿರಲಿಲ್ಲ. ಆ ದಿನ ನಾನು ಹಾಕಿದ ಗುರುತು 65. ಎರಡೂ ಸಂಖ್ಯೆಗಳು ನನ್ನ ಕೈಬರಹದಲ್ಲೇ ಇವೆ. ಚೀಲವಿದ್ದಾಗ 75, ತೆಗೆದ ಮೇಲೆ 65. ಆದರೆ ವರ್ಷಗಳ ನಂತರ ತಮ್ಮ ಕೇಳಿದಾಗ ನನ್ನ ಬಾಯಿಂದ ಬಂದದ್ದು, ಅದು ಸಹಿಸಲಾಗದ ಕಾಲವಾಗಿತ್ತು, ಮುಗಿಯುತ್ತದೆಂಬ ಭರವಸೆಯೊಂದೇ ನನ್ನನ್ನು ಉಳಿಸಿತು ಎಂಬ ಮಾತು.

ಯಾರ ಮಾತನ್ನು ನಂಬಬೇಕು

ರೋಗಿಯ ಬದುಕಿನ ಗುಣಮಟ್ಟದ ಬಗ್ಗೆ ರೋಗಿಯ ಮಾತೇ ಬೇರೆ, ಆರೋಗ್ಯವಂತರ ಊಹೆಯೇ ಬೇರೆ ಎಂಬುದು ಹೊಸ ಸಂಗತಿಯಲ್ಲ. 1978ರಲ್ಲಿ ಸ್ಯಾಕೆಟ್ ಮತ್ತು ಟೊರೆನ್ಸ್ ಎಂಬ ಸಂಶೋಧಕರು ಡಯಾಲಿಸಿಸ್‌ನಲ್ಲಿ ಬದುಕುವ ಸ್ಥಿತಿಗೆ ಎಷ್ಟು ಮೌಲ್ಯ ಕೊಡುತ್ತೀರೆಂದು ಜನಸಾಮಾನ್ಯರನ್ನೂ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದವರನ್ನೂ ಕೇಳಿದರು. ಅನುಭವಿಸುತ್ತಿದ್ದವರು ಕೊಟ್ಟ ಮೌಲ್ಯವೇ ಹೆಚ್ಚಿತ್ತು. ಕೇಳುವ ವಿಧಾನವೂ ಯೋಚನೆಗೆ ಹಚ್ಚುವಂಥದ್ದು: ಈ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವ ಬದಲು ಪೂರ್ಣ ಆರೋಗ್ಯದಲ್ಲಿ ಅದಕ್ಕಿಂತ ಕಡಿಮೆ ವರ್ಷ ಬದುಕಬಹುದಾದರೆ ಎಷ್ಟು ವರ್ಷ ಬಿಟ್ಟುಕೊಡುತ್ತೀರಿ? ಎರಡು ವರ್ಷ ಬಿಡುತ್ತೇನೆಂದರೆ ಆ ಸ್ಥಿತಿಯ ಮೌಲ್ಯ 0.8. ಐದು ಬಿಟ್ಟರೆ 0.5. ರೋಗವಿಲ್ಲದವರು ಉದಾರವಾಗಿ ವರ್ಷಗಳನ್ನು ಬಿಟ್ಟುಕೊಡುತ್ತಾರೆ. ರೋಗದೊಳಗೆ ಇರುವವರಿಗೆ ಅದೇ ವರ್ಷಗಳು ಅಷ್ಟು ಅಗ್ಗವಾಗಿ ಕಾಣುವುದಿಲ್ಲ.

ಇದನ್ನು ಓದಿದಾಗ ಕೆಲವರಿಗೆ, ರೋಗಿಗಳು ತಮ್ಮನ್ನು ತಾವೇ ನಂಬಿಸಿಕೊಳ್ಳುತ್ತಾರೆ, ಒಳಗೆ ದುಃಖವಿದ್ದರೂ ಹೊರಗೆ ಚೆನ್ನಾಗಿದ್ದೇನೆ ಎನ್ನುತ್ತಾರೆ ಎಂದು ಅನಿಸಬಹುದು. ನನಗೂ ಒಮ್ಮೆ ಅನಿಸಿತ್ತು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಅನುಮಾನವನ್ನು ನೇರವಾಗಿ ಪರೀಕ್ಷಿಸಿತು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ 49 ಜನರಿಗೆ, ಅವರಿಗೆ ಹೋಲುವ 49 ಆರೋಗ್ಯವಂತರಿಗೆ, ಒಂದು ವಾರ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರವೊಂದನ್ನು ಕೊಟ್ಟರು. ಅದು ಮೊದಲೇ ಗೊತ್ತುಪಡಿಸದ ಹೊತ್ತುಗಳಲ್ಲಿ ಸದ್ದು ಮಾಡಿ, ಈ ಕ್ಷಣ ನಿಮ್ಮ ಮನಸ್ಸು ಹೇಗಿದೆ ಎಂದು ಕೇಳುತ್ತಿತ್ತು. ಬದುಕಿನ ಬಗ್ಗೆ ತೀರ್ಪಲ್ಲ, ಈ ಕ್ಷಣದ ಮನಸ್ಸು ಮಾತ್ರ. ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಆರೋಗ್ಯವಂತರು, ಡಯಾಲಿಸಿಸ್ ಇದ್ದರೆ ತಮ್ಮ ಮನಸ್ಸು ಹೇಗಿರುತ್ತಿತ್ತೆಂದು ಊಹಿಸುವಾಗ ಬಹಳ ಕತ್ತಲೆಯನ್ನೇ ಕಂಡರು. ನನ್ನ ಖಾಲಿ ಕೋಣೆಯ ಚಿತ್ರ ಅವರದೂ ಆಗಿತ್ತೆಂದು ನನಗೆ ತೋರುತ್ತದೆ. ಒಂದು ಸಂಗತಿಯನ್ನು ಕಣ್ಣಿಗೆ ಹತ್ತಿರ ಹಿಡಿದರೆ ಅದರ ಹಿಂದಿನದೆಲ್ಲ ಮರೆಯಾಗುತ್ತದೆ. ಬದುಕುವಾಗ ಮಾತ್ರ ಯಾರೂ ಅದನ್ನು ಇಡೀ ದಿನ ಹಾಗೆ ಹಿಡಿದು ಕೂರುವುದಿಲ್ಲ.

(ಈ ಮಾತನ್ನು ಉತ್ಪ್ರೇಕ್ಷಿಸುವವರೂ ಇದ್ದಾರೆ. ಅಪಘಾತದಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಂಡವರು ಲಾಟರಿ ಗೆದ್ದವರಷ್ಟೇ ಸುಖಿಗಳು ಎಂದು 1978ರ ಇನ್ನೊಂದು ಅಧ್ಯಯನದ ಹೆಸರಿನಲ್ಲಿ ಎಲ್ಲೆಡೆ ಹೇಳಲಾಗುತ್ತದೆ. ಆ ಅಧ್ಯಯನದಲ್ಲಿ ಅಪಘಾತಕ್ಕೊಳಗಾದ 29 ಜನರ ಸುಖದ ಅಂಕ ಉಳಿದವರಿಗಿಂತ ಸ್ಪಷ್ಟವಾಗಿಯೇ ಕಡಿಮೆಯಿತ್ತು. ನಾವು ಊಹಿಸುವಷ್ಟು ಕಡಿಮೆಯಿರಲಿಲ್ಲ, ಅಷ್ಟೆ. ಕಳೆದುಕೊಂಡದ್ದು ನಿಜಕ್ಕೂ ಕಳೆದುಕೊಂಡದ್ದೇ.)

ನನ್ನನ್ನು ನಿಜವಾಗಿ ಅಲುಗಾಡಿಸಿದ್ದು ಬೇರೆ ಎರಡು ಅಧ್ಯಯನಗಳು. 2006ರಲ್ಲಿ ಸ್ಮಿತ್, ಲೋವೆನ್‌ಸ್ಟೈನ್, ಯೂಬೆಲ್ ಮತ್ತು ಅವರ ಸಂಗಡಿಗರು ಹೊಟ್ಟೆಯ ಮೇಲಿನ ಚೀಲದೊಂದಿಗೆ ಬದುಕುತ್ತಿದ್ದವರನ್ನೂ ಹಿಂದೆ ಚೀಲವಿದ್ದು ಈಗ ತೆಗೆಸಿಕೊಂಡವರನ್ನೂ ಒಂದೇ ಪ್ರಶ್ನೆ ಕೇಳಿದರು. ಚೀಲವಿಲ್ಲದೆ ಬದುಕಲು ಆಯುಷ್ಯದ ಎಷ್ಟು ಭಾಗವನ್ನು ಬಿಟ್ಟುಕೊಡುತ್ತೀರಿ ಎಂದಾಗ, ಈಗ ಚೀಲವಿರುವವರು ಸ್ವಲ್ಪವೇ ಬಿಟ್ಟುಕೊಟ್ಟರು. ಹಿಂದೆ ಇದ್ದವರು ಅವರಿಗಿಂತ ಹೆಚ್ಚು ಬಿಟ್ಟುಕೊಡಲು ಸಿದ್ಧರಿದ್ದರು. ಅಂದರೆ ಅನುಭವಿಸಿ ಹೊರಬಂದವರ ತೀರ್ಪು ಅನುಭವದೊಳಗೆ ಇರುವವರ ತೀರ್ಪಿನ ಜೊತೆ ನಿಲ್ಲದೆ, ಎಂದೂ ಅನುಭವಿಸದವರ ಕಡೆಗೇ ಸರಿದುಹೋಗಿತ್ತು. ಗುಣವಾದ ಮೇಲೆ ನಾನೂ ಹೊರಗಿನವಳೇ ಆಗಿಬಿಟ್ಟಿದ್ದೆ ಎಂಬುದಕ್ಕೆ ನನ್ನ ಎರಡು ಸಂಖ್ಯೆಗಳಿಗಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿರಲಿಲ್ಲ. ಕಷ್ಟದ ಕಾಲವೊಂದು ಮುಗಿದ ಮೇಲೆ ಅದನ್ನು ಕಥೆಯಾಗಿ ಹೇಳಬೇಕಾಗುತ್ತದೆ, ಕಥೆಯಲ್ಲಿ ಸೋರಿದ ರಾತ್ರಿ ಉಳಿಯುತ್ತದೆ, ಓದುತ್ತ ಕುಳಿತ ಮಧ್ಯಾಹ್ನ ಉಳಿಯುವುದಿಲ್ಲ. ಜೊತೆಗೆ ಚೀಲ ತೆಗೆಸಿದ್ದು ಸರಿಯೆಂದು, ಆಮೇಲಿನ ತಿಂಗಳುಗಳ ಓಡಾಟಕ್ಕೆ ಅರ್ಥವಿತ್ತೆಂದು ನನಗೆ ನಾನೇ ಹೇಳಿಕೊಳ್ಳಬೇಕಿತ್ತು. ಅದಕ್ಕೆ ಚೀಲದ ದಿನಗಳು ಕೆಟ್ಟವಾಗಿದ್ದಿರಲೇಬೇಕಾಗಿತ್ತು.

ಎರಡನೆಯದು 2009ರ ಅಧ್ಯಯನ, ಅದೇ ಸಂಶೋಧಕರದು. ಚೀಲ ಶಾಶ್ವತವೆಂದು ತಿಳಿದವರನ್ನೂ ಮುಂದೆ ತೆಗೆಯಬಹುದೆಂದು ತಿಳಿದವರನ್ನೂ ಶಸ್ತ್ರಚಿಕಿತ್ಸೆಯ ನಂತರ ಆರು ತಿಂಗಳು ಹಿಂಬಾಲಿಸಿ ನೋಡಿದರು. ಬದುಕಿನ ತೃಪ್ತಿ ತಿಂಗಳು ಕಳೆದಂತೆ ಏರುತ್ತಹೋದದ್ದು ಶಾಶ್ವತ ಚೀಲದವರಲ್ಲಿ. ತಾತ್ಕಾಲಿಕದವರಲ್ಲಿ ಆ ಏರಿಕೆ ಕಾಣಲಿಲ್ಲ. ಮುಗಿಯುತ್ತದೆಂಬ ಭರವಸೆಯಿದ್ದವರು ಈಗಿನ ಬದುಕನ್ನು ಕಟ್ಟಿಕೊಳ್ಳುವ ಗೋಜಿಗೆ ಹೋಗದೆ ಕಾಯುತ್ತಿದ್ದರು ಎಂಬುದು ಸಂಶೋಧಕರ ವಿವರಣೆ. ಇದನ್ನು ಓದಿ ನೋಟ್‌ಬುಕ್ಕಿಗೆ ಮರಳಿದೆ. ಐದನೆಯ ವಾರದಿಂದೀಚೆಗೆ ಅತ್ಯಂತ ಕಪ್ಪಾದ ಸಾಲುಗಳು ಎಲ್ಲಿವೆಯೆಂದು ಹುಡುಕಿದರೆ, ಅವು ಸೋರಿದ ದಿನಗಳಲ್ಲಿ ಇಲ್ಲ. ಕೀಮೋಥೆರಪಿಯಿಂದಾಗಿ ರಕ್ತಕಣಗಳು ಕುಸಿದು ಚೀಲ ತೆಗೆಯುವ ತಾರೀಖು ಮುಂದೆ ಹೋದಾಗ, ಎರಡು ಸಲ ಹಾಗಾಯಿತು, ಆ ಎರಡು ಪುಟಗಳಲ್ಲಿ ಇವೆ. "ಇನ್ನೂ ಆರು ವಾರ. ಏನನ್ನೂ ಶುರು ಮಾಡುವ ಮನಸ್ಸಿಲ್ಲ." ನನ್ನನ್ನು ಉಳಿಸಿತೆಂದು ನಾನು ತಮ್ಮನಿಗೆ ಹೇಳಿದ ಆ ತಾತ್ಕಾಲಿಕತೆಯೇ ಆ ದಿನಗಳನ್ನು ನನ್ನಿಂದ ಕಿತ್ತುಕೊಂಡಿತ್ತು.

ಅಭ್ಯಾಸವಾಗುತ್ತದೆ ಎನ್ನುವವರ ತಪ್ಪು

ಇಷ್ಟಾದ ಮೇಲೆ ತಮ್ಮನಿಗೆ ಫೋನ್ ಮಾಡಿ, ಹೆದರಬೇಡ, ಅಭ್ಯಾಸವಾಗುತ್ತದೆ ಎಂದುಬಿಡಬಹುದಿತ್ತು. ಬೆರಳು ಒತ್ತದಂತೆ ತಡೆದದ್ದು ಇನ್ನೊಂದು ನೆನಪು. ಕೀಮೋಥೆರಪಿಯ ದಿನಗಳಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ನನಗಿಂತ ಹಿರಿಯರೊಬ್ಬರು ಕೂರುತ್ತಿದ್ದರು, ಅವರಿಗೂ ಚೀಲವಿತ್ತು. ಆ ಹೊತ್ತಿಗೆ ನನ್ನ ಕೈ ಪಳಗಿತ್ತು, ಧೈರ್ಯ ಬಂದಿತ್ತು, ಒಂದು ದಿನ "ಸ್ವಲ್ಪ ದಿನ ಕಳೆದರೆ ಅಭ್ಯಾಸ ಆಗಿಬಿಡುತ್ತೆ, ನೋಡಿ" ಎಂದೆ. ಅವರು ನನ್ನ ಮುಖ ನೋಡಿ "ನಿಮ್ಮದು ದಿನಾ ಸೋರುತ್ತಾ?" ಎಂದು ಕೇಳಿದರು. ಇಲ್ಲ ಎಂದೆ. "ನಂದು ದಿನಾ ಸೋರುತ್ತಮ್ಮಾ. ಇದಕ್ಕೆ ಹೇಗೆ ಅಭ್ಯಾಸ ಆಗೋದು?" ಅವರದು ಅವಸರದ ಶಸ್ತ್ರಚಿಕಿತ್ಸೆ, ಮೊದಲೇ ಕೂರಿಸಿ ನಿಲ್ಲಿಸಿ ಚುಕ್ಕೆ ಇಡಲು ಯಾರಿಗೂ ಹೊತ್ತಿರಲಿಲ್ಲ. ಸ್ಟೋಮಾ ಹೊಟ್ಟೆಯ ಮಡಿಕೆಯೊಳಗೆ ಬಂದಿತ್ತು, ಚಪ್ಪಟೆ ಬಿಲ್ಲೆ ಅಲ್ಲಿ ಅಂಟುತ್ತಿರಲಿಲ್ಲ. ಮುಂದಿನ ಸಲ ನರ್ಸ್ ಅವರಿಗೆ ಉಬ್ಬಿದ ಬಿಲ್ಲೆಯನ್ನೂ ಮಡಿಕೆ ತುಂಬಲು ಮೆತ್ತನೆಯ ಉಂಗುರವನ್ನೂ ಹಾಕಿಕೊಟ್ಟರು. ಎರಡು ವಾರದ ಮೇಲೆ ನೋಡಿದಾಗ ಅವರು ಕುರ್ಚಿಗೆ ಒರಗಿ ನಿದ್ದೆಹೋಗಿದ್ದರು. ತಿಂಗಳುಗಳ ನಂತರ ರಾತ್ರಿ ಮಲಗಲು ಶುರುಮಾಡಿದ್ದೇನೆಂದು ಎದ್ದ ಮೇಲೆ ಹೇಳಿದರು. ಅವರಲ್ಲಿ ಅಳುಕಿದೆ ಎಂದು ನಾನು ಅಂದುಕೊಂಡಲ್ಲಿ ಇದ್ದದ್ದು ಸರಿಹೊಂದದ ಬಿಲ್ಲೆ. ನನ್ನ ಅನುಭವವೇ ಅದನ್ನು ನಾನು ನೋಡದಂತೆ ಮಾಡಿತ್ತು.

ಮನುಷ್ಯ ಹೊಂದಿಕೊಳ್ಳುತ್ತಾನೆ ಎಂಬ ಮಾತನ್ನು ಅಧಿಕಾರದಲ್ಲಿರುವವರು ಎತ್ತಿಕೊಂಡರೆ ಅದು ಬಹಳ ಅಪಾಯಕಾರಿ. ಕೊರತೆಗೆ ಒಗ್ಗಿಹೋದವರು ತಮ್ಮ ಆಸೆಗಳನ್ನೇ ಕುಗ್ಗಿಸಿಕೊಂಡಿರುತ್ತಾರೆ, ಅವರ ತೃಪ್ತಿಯನ್ನು ನೋಡಿ ಅವರಿಗೆ ಕೊರತೆಯಿಲ್ಲವೆಂದು ತೀರ್ಮಾನಿಸಬಾರದು ಎಂದು ಅಮರ್ತ್ಯ ಸೇನ್ ಬಹಳ ಹಿಂದೆಯೇ ಎಚ್ಚರಿಸಿದ್ದಾರೆ. ಗಾಲಿಕುರ್ಚಿಯಲ್ಲಿ ಇರುವವರು ತೃಪ್ತರಾಗಿದ್ದಾರೆಂಬುದು ಇಳಿಜಾರು ದಾರಿ ಕಟ್ಟದಿರಲು ಕಾರಣವಾಗಲಾರದು. ಎಲ್ಲದಕ್ಕೂ ಹೊಂದಿಕೊಳ್ಳಲಾಗುವುದೂ ಇಲ್ಲ. ಬಿಡದೆ ಕಾಡುವ ನೋವು, ಖಿನ್ನತೆ, ಇವು ದಿನದ ಯಾವ ಮೂಲೆಯಲ್ಲೂ ನಮ್ಮನ್ನು ಮರೆಯಲು ಬಿಡುವುದಿಲ್ಲ. ಚೀಲವನ್ನು ಓದುತ್ತ ಮರೆಯಬಹುದು, ಆದರೆ ಖಿನ್ನತೆ ಓದುವ ಮನಸ್ಸನ್ನೇ ಹಿಡಿದಿರುತ್ತದೆ. ಆರೋಗ್ಯವಂತರ ಊಹೆ ಇಲ್ಲಿ ತಲೆಕೆಳಗು: ನಡೆಯಲಾಗದಿರುವುದನ್ನು ಅವರು ಇರುವುದಕ್ಕಿಂತ ಭೀಕರವಾಗಿ ಕಾಣುತ್ತಾರೆ, ಮನಸ್ಸಿನ ಕಾಯಿಲೆಯನ್ನು ಇರುವುದಕ್ಕಿಂತ ಹಗುರವಾಗಿ ಕಾಣುತ್ತಾರೆ.

ಹಾಳೆಯ ಮೇಲಿನ ಅಂಕ ಎಲ್ಲಿಗೆ ಹೋಗುತ್ತದೆ

ನಾನು 75 ಎಂದು ಹಾಕಿದ ಗುರುತು ಎಲ್ಲಿಗೆ ಹೋಯಿತೆಂದು ಆಗ ಕೇಳಿರಲಿಲ್ಲ. ಆ ಐದು ಪ್ರಶ್ನೆಗಳ ಪ್ರಶ್ನಾವಳಿಯ ಹೆಸರು ಇಕ್ಯೂ-5ಡಿ. 1987ರಲ್ಲಿ ಒಂದುಗೂಡಿದ ಯುರೋಕ್ವಾಲ್ ಎಂಬ ಸಂಶೋಧಕರ ಗುಂಪು ರೂಪಿಸಿದ್ದು. ಒಂದು ಔಷಧಿಗೆ ಸರ್ಕಾರ ಹಣ ಕೊಡಬೇಕೇ ಬೇಡವೇ ಎಂದು ತೂಗುವಾಗ, ಅದು ಎಷ್ಟು ವರ್ಷಗಳನ್ನು ಉಳಿಸುತ್ತದೆ, ಆ ವರ್ಷಗಳ ಗುಣಮಟ್ಟವೇನು ಎಂದು ಗುಣಿಸುತ್ತಾರೆ. ಆ ಗುಣಾಕಾರದಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ರೋಗಿ ಅಳತೆಪಟ್ಟಿಯ ಮೇಲೆ ಹಾಕಿದ ಗುರುತಲ್ಲ. ರೋಗಿಯಿಂದ ಐದು ಉತ್ತರಗಳನ್ನು ಪಡೆದು, ಅಂಥ ಸ್ಥಿತಿಗೆ ಎಷ್ಟು ಬೆಲೆ ಎಂಬುದನ್ನು ಜನಸಾಮಾನ್ಯರ ಸಮೀಕ್ಷೆಯಿಂದ ತೆಗೆದ ಕೋಷ್ಟಕದಲ್ಲಿ ನೋಡುತ್ತಾರೆ. ಬ್ರಿಟನ್ನಿನಲ್ಲಿ 1993ರಲ್ಲಿ ಸುಮಾರು 3,000 ಜನರನ್ನು ಕೇಳಿ ಮಾಡಿದ ಕೋಷ್ಟಕದಲ್ಲಿ, ಐದೂ ಪ್ರಶ್ನೆಗಳಿಗೆ ಅತ್ಯಂತ ಕೆಟ್ಟ ಉತ್ತರವಿರುವ ಸ್ಥಿತಿಯ ಬೆಲೆ ಸೊನ್ನೆಗಿಂತ ಕೆಳಗೆ 0.594. ಸಾವಿಗೆ ಸೊನ್ನೆ. ಅಂದರೆ ಹಾಗೆ ಬದುಕುವುದು ಸಾವಿಗಿಂತ ಕೀಳೆಂದು, ಬಹುಪಾಲು ಹಾಗೆ ಬದುಕದವರು ತೀರ್ಮಾನಿಸಿದರು.

ಹಣ ಎಲ್ಲರದು, ಆದ್ದರಿಂದ ತೀರ್ಮಾನವೂ ಎಲ್ಲರದಾಗಬೇಕು ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅದರಲ್ಲಿ ರೋಗಿಗಳಿಗೆ ಅನುಕೂಲವೂ ಇದೆ: ಹೊರಗಿನವರು ರೋಗವನ್ನು ಭೀಕರವೆಂದು ಕಂಡಷ್ಟೂ ಅದನ್ನು ಗುಣಪಡಿಸುವ ಔಷಧಿಗೆ ಲೆಕ್ಕದಲ್ಲಿ ಸಿಗುವ ಮೌಲ್ಯ ಹೆಚ್ಚುತ್ತದೆ. ಆದರೆ ಅದೇ ಲೆಕ್ಕದಲ್ಲಿ, ಗುಣಪಡಿಸಲಾಗದ ಸ್ಥಿತಿಯಲ್ಲಿ ಇರುವವರ ಪ್ರಾಣ ಉಳಿಸುವುದರ ಬೆಲೆ ಇಳಿಯುತ್ತದೆ. ಅಮೆರಿಕದ ಒರೆಗಾನ್ ರಾಜ್ಯ ಬಡವರ ಆರೋಗ್ಯ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ ಹಣ ಎಂದು ಪಟ್ಟಿಮಾಡಿದಾಗ, 1992ರಲ್ಲಿ ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಫೋನ್ ಸಮೀಕ್ಷೆಯಲ್ಲಿ ಜನ ಹೇಳಿದ್ದರ ಮೇಲೆ ನಿಂತ ಆ ಪಟ್ಟಿಯಲ್ಲಿ ಅಂಗವಿಕಲರ ಬದುಕಿನ ಬಗ್ಗೆ ಜನರಿಗಿರುವ ತಪ್ಪು ಕಲ್ಪನೆಗಳೇ ಅಂಕಗಳಾಗಿ ಕೂತಿವೆ ಎಂಬುದು ಆಕ್ಷೇಪವಾಗಿತ್ತು. ಸ್ವೀಡನ್ನಿನ ಔಷಧ ಮಂಡಳಿ, ಆ ಸ್ಥಿತಿಯಲ್ಲಿ ಇರುವವರೇ ಕೊಟ್ಟ ಮೌಲ್ಯಗಳಿಗೆ ಆದ್ಯತೆ ಕೊಡುವ ದಾರಿ ಹಿಡಿದಿದೆ. ನನ್ನ ಮನಸ್ಸು ಸ್ವೀಡನ್ನಿನ ಕಡೆಗೇ ವಾಲುತ್ತದೆ, ಪಕ್ಕದ ಕುರ್ಚಿಯ ಆ ಹಿರಿಯರ ಸೋರುವ ಚೀಲವನ್ನು ಮರೆಯದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕೋಷ್ಟಕವಿಲ್ಲದೆ ನಡೆಯುವ ತೀರ್ಪುಗಳು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತುರ್ತುಚಿಕಿತ್ಸೆಯ ವೈದ್ಯರು, ನರ್ಸುಗಳು ಮತ್ತು ಸಿಬ್ಬಂದಿಯನ್ನು, ಬೆನ್ನುಹುರಿಗೆ ತೀವ್ರ ಪೆಟ್ಟಾದ ಮೇಲೆ ಬದುಕಿ ಉಳಿದಿದ್ದರೆ ನಿಮಗೆ ಸಂತೋಷವಾಗುತ್ತಿತ್ತೇ ಎಂದು ಕೇಳಿದ್ದರು. ಹೌದೆಂದವರು 18 ಪ್ರತಿಶತ. ನಿಜವಾಗಿ ಹಾಗೆ ಬದುಕಿ ಉಳಿದವರಲ್ಲಿ ಹೌದೆಂದವರು 92 ಪ್ರತಿಶತ. ಅಪಘಾತವಾದ ರಾತ್ರಿ ತಲೆಯ ಬಳಿ ನಿಂತು ಮನೆಯವರಿಗೆ ಮುಂದಿನದನ್ನು ವಿವರಿಸುವವರು ಆ ಮೊದಲ ಗುಂಪಿನವರು. ಅವರು ಸುಳ್ಳು ಹೇಳುವುದಿಲ್ಲ. ನಾನು ತಮ್ಮನಿಗೆ ಹೇಳಿದಂತೆಯೇ, ತಮಗೆ ನಿಜವೆಂದು ತೋರಿದ್ದನ್ನು ಹೇಳುತ್ತಾರೆ. ಕಣ್ಣರೆಪ್ಪೆಯೊಂದನ್ನು ಬಿಟ್ಟು ಹೆಚ್ಚೇನೂ ಅಲುಗಾಡಿಸಲಾಗದ ಲಾಕ್ಡ್-ಇನ್ ಸ್ಥಿತಿಯಲ್ಲಿ ಇರುವ 65 ಜನರನ್ನು 2011ರ ಒಂದು ಅಧ್ಯಯನ ಕೇಳಿದಾಗ, 47 ಜನ ತಾವು ಸುಖವಾಗಿದ್ದೇವೆ ಎಂದರು. ಉಳಿದ 18 ಜನರ ಉತ್ತರವೂ ಅಷ್ಟೇ ಮುಖ್ಯವೆಂದು ನಾನು ನಂಬುತ್ತೇನೆ. ಅವರನ್ನು 47ರ ಹೆಸರಿನಲ್ಲಿ ಸುಮ್ಮನಾಗಿಸುವ ಹಕ್ಕು ಯಾರಿಗೂ ಇಲ್ಲ.

ಮತ್ತೆ ಫೋನ್

ಮಾರನೆಯ ದಿನ ಸಂಜೆ ನಾನೇ ತಮ್ಮನಿಗೆ ಫೋನ್ ಮಾಡಿದೆ. "ನಿನ್ನೆ ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ ಕಣೋ" ಎಂದೆ. ಸಮಾಧಾನ ಮಾಡುತ್ತಿದ್ದೇನೆಂದು ಅವನು ಅಂದುಕೊಂಡ. "ಹೋಗಲಿ ಬಿಡು ಅಕ್ಕಾ" ಎಂದ. ಸಮಾಧಾನವಲ್ಲ, ಆಗಲೇ ಬರೆದಿಟ್ಟದ್ದಿದೆ, ಓದುತ್ತೇನೆ, ಕೇಳು ಎಂದು ನೋಟ್‌ಬುಕ್ ತೆರೆದೆ. ಆರಿಸಿ ಓದಬಾರದೆಂದು ಎರಡನೆಯ ವಾರದಿಂದ ಒಂದು, ಆರನೆಯ ವಾರದಿಂದ ಒಂದು, ನಾಲ್ಕನೆಯ ತಿಂಗಳಿನಿಂದ ಒಂದು ಇಡೀ ವಾರವನ್ನು ಇದ್ದ ಹಾಗೆಯೇ ಓದಿದೆ. ಕನ್ನಡಿ ನೋಡದ ದಿನಗಳನ್ನೂ ಓದಿದೆ. ಚೀಲ ತೆಗೆದ ಮೇಲಿನ ಒಂದು ವಾರವನ್ನೂ ಓದಿದೆ, ಅದನ್ನು ಯಾರಿಗೂ ಹೇಳಿರಲಿಲ್ಲ. 75 ಮತ್ತು 65ರ ವಿಷಯ ಹೇಳಿದೆ. ನನ್ನದು ಸಣ್ಣಕರುಳು, ನಿನ್ನದು ದೊಡ್ಡಕರುಳು, ನಿನ್ನದು ಇಷ್ಟು ನೀರಾಗಿರುವುದಿಲ್ಲ, ಆದ್ದರಿಂದ ನನ್ನ ಲೆಕ್ಕ ನಿನಗೆ ಹಾಗೇ ಹೊಂದುವುದಿಲ್ಲ ಎಂದೆ. ನಿನಗೆ ಹೇಗಾಗುತ್ತದೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಚುಕ್ಕೆ ಇಡಲು ಬಂದಾಗ ಅವಸರ ಮಾಡಬೇಡ, ನೀನು ದಿನಾ ಹೇಗೆ ಕೂರುತ್ತೀಯೋ ಹಾಗೇ ಕೂತು ತೋರಿಸು ಎಂಬುದೊಂದನ್ನು ಎರಡು ಸಲ ಹೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಹಿಂದಿನ ರಾತ್ರಿಯ ಮೌನದಂತೆಯೇ ಇದೆಯೇ, ಬೇರೆಯೇ ಎಂದು ನಾನು ಕಿವಿಗೊಟ್ಟು ಕೇಳುತ್ತಿದ್ದೆ.

"ಅಕ್ಕಾ, ರಾತ್ರಿ ಎಷ್ಟು ಸಲ ಏಳಬೇಕಾಗ್ತಿತ್ತು?" ಎಂದು ಕೇಳಿದ.

"ಮೊದಮೊದಲು ಮೂರು ಸಲ. ಆಮೇಲೆ ಒಂದೇ ಸಲ."

"ಮಗ್ಗುಲಾಗಿ ಮಲಗಬಹುದಾ?"

"ಮಲಗಬಹುದು. ಸ್ವಲ್ಪ ತಡಿ, ಅದನ್ನೂ ಎಲ್ಲೋ ಬರೆದಿದ್ದೀನಿ" ಎಂದು ಪುಟ ತಿರುವತೊಡಗಿದೆ.